ಬ್ಯಾಟರಿಗೂ ಚಳಿ ಹಿಡಿಯುತ್ತದೆ

ನಮ್ಮನೆ ಫ್ರೀಜರಿನಲ್ಲಿ ಈಗ ಎರಡು ಕಿಲೋ ಬಂಗಡೆ, ಒಂದಿಷ್ಟು ಸಿಗಡಿ ಮತ್ತು ನಾಲ್ಕು ಸೋಡಿಯಂ ಬ್ಯಾಟರಿ ಸೆಲ್ ಇವೆ. ಮೀನು ಯಾಕೆ ಅಂತ ಕಾರವಾರದವರಿಗೆ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯಲ್ಲ, ಅದಕ್ಕೇ ಆಯಿ ಮೇ ಕೊನೆಯಲ್ಲೇ ತುಂಬಿಸಿ ಇಟ್ಟುಬಿಡುತ್ತಾಳೆ. ಸೆಲ್ ಯಾಕೆ ಅನ್ನೋದಕ್ಕೆ ಸ್ವಲ್ಪ ಉದ್ದದ ಕತೆ ಇದೆ.

ನಾನು ಒಂಬತ್ತು ವರ್ಷ ಮೊಬೈಲ್ ಟವರ್ ಟೆಕ್ನಿಷಿಯನ್ ಆಗಿದ್ದೆ. ಕಾರವಾರ, ಅಂಕೋಲಾ, ಜೋಯಿಡಾ ಕಡೆಯ ಸೈಟುಗಳು ನನ್ನ ಪಾಲಿಗಿದ್ದವು. ಈಗ ಅದನ್ನು ಬಿಟ್ಟು ಊರಲ್ಲೇ ಇನ್ವರ್ಟರ್, ಬ್ಯಾಟರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಚಿಕ್ಕಮ್ಮನ ಮಗ ಇನ್ನೂ ಅದೇ ಕೆಲಸದಲ್ಲಿದ್ದಾನೆ, ಆದರೆ ಇಲ್ಲಲ್ಲ, ಲಡಾಖಿನ ಕಾರ್ಗಿಲ್ ಕಡೆ. ಕಳೆದ ಜನವರಿಯಲ್ಲಿ ಒಂದಿನ ವೀಡಿಯೊ ಕಾಲ್ ಮಾಡಿದ. ನಾನು ಬನಿಯನ್ನಿನಲ್ಲಿ ಫ್ಯಾನ್ ಕೆಳಗೆ ಬೆವರು ಒರೆಸ್ತಾ ಕೂತಿದ್ದೆ, ಅವನ ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹೊರಗೆ ಮೈನಸ್ 20ರ ಹತ್ತಿರ ಇದೆ ಅಂದ. ಸೈಟ್ ಡೌನ್ ಆಗಿದೆ ಅಂತ ಮೂರು ದಿನದಿಂದ ಓಡಾಡ್ತಾ ಇದ್ದನಂತೆ.

"ಬ್ಯಾಟರಿ ಸತ್ತಿರಬೇಕು ಮಾರಾಯ" ಅಂದೆ.

"ಸತ್ತಿಲ್ಲ ಅಣ್ಣಾ. ಇದ್ದಷ್ಟು ಕೊಡ್ತದೆ. ಆದ್ರೆ ವಾಪಸ್ ತಗೋತಾ ಇಲ್ಲ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕಂದ್ರೆ ನಮ್ಮ ಘಟ್ಟದ ಸೈಟುಗಳಲ್ಲಿ ಮಳೆಗಾಲದಲ್ಲಿ ನಾನು ಒಂಬತ್ತು ವರ್ಷ ನೋಡಿದ್ದೂ ಇದನ್ನೇ, ಬೇರೆ ಕಾರಣಕ್ಕೆ.

ಟವರ್ ಬುಡದಲ್ಲಿ ಏನಿರುತ್ತೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಲೈನಿನಿಂದ ಬರುವ ಎಸಿ ಕರೆಂಟನ್ನು ಒಂದು ಪೆಟ್ಟಿಗೆ ಡಿಸಿ ಮಾಡುತ್ತದೆ. ನಾವು ಅದನ್ನು ಎಸ್‌ಎಂಪಿಎಸ್ ಅನ್ನುತ್ತಿದ್ದೆವು. ಟವರಿನ ಉಪಕರಣಗಳೆಲ್ಲ ನಡೆಯುವುದು ಮೈನಸ್ 48 ವೋಲ್ಟಿನಲ್ಲಿ. ಮೈನಸ್ ಯಾಕೆ ಅಂದರೆ ಇಲ್ಲಿ ಪ್ಲಸ್ ತಂತಿಯನ್ನು ಅರ್ತ್ ಮಾಡಿರುತ್ತಾರೆ, ತೇವ ಇರುವ ಕಡೆ ತಾಮ್ರ ಬೇಗ ತಿಂದುಹೋಗದಿರಲಿ ಅಂತ ಹಳೇ ಟೆಲಿಫೋನ್ ಕಾಲದಲ್ಲಿ ಮಾಡಿದ ಉಪಾಯ. (ಕಾರವಾರದ ಉಪ್ಪುಗಾಳಿಯಲ್ಲಿ ಕೆಲಸ ಮಾಡಿದವನಿಗೆ ಆ ಉಪಾಯ ಮಾಡಿದವರ ಮೇಲೆ ಗೌರವ ಹುಟ್ಟುತ್ತದೆ.) ಅದೇ 48 ವೋಲ್ಟಿನ ಲೈನಿಗೆ ಬ್ಯಾಟರಿ ಬ್ಯಾಂಕ್ ಸೇರಿಕೊಂಡಿರುತ್ತದೆ. ಕರೆಂಟು ಹೋದ ಕ್ಷಣವೇ ಬ್ಯಾಟರಿ ಹೊರೆ ಹೊರುತ್ತದೆ, ಅದು ಇಳಿದಮೇಲೆ ಡೀಸೆಲ್ ಜನರೇಟರ್ ಶುರು. ಹಳೆಯ ಸೈಟುಗಳಲ್ಲಿ ಬ್ಯಾಂಕ್ ಅಂದರೆ 2 ವೋಲ್ಟಿನ 24 ಸೀಸದ ಸೆಲ್ಲು, ಒಬ್ಬನ ಕೈಯಲ್ಲಿ ಒಂದು ಸೆಲ್ ಎತ್ತೋದೂ ಕಷ್ಟ.

ನನ್ನ ಪಾಲಿನ ಒಂದು ಸೈಟ್ ಕದ್ರಾದಿಂದ ಮೇಲೆ, ಅಣಶಿ ದಾರಿಯಲ್ಲಿತ್ತು. ಅಲ್ಲಿಂದ ಸ್ವಲ್ಪ ದೂರದಲ್ಲೇ ಕೈಗಾ, 220 ಮೆಗಾವಾಟಿನ ನಾಲ್ಕು ಘಟಕ. ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಒಂದರ ಕೆಳಗೊಂದು ಅಣೆಕಟ್ಟು. ಇಷ್ಟೆಲ್ಲ ಇದ್ದೂ ಜುಲೈ ತಿಂಗಳಲ್ಲಿ ಆ ಊರುಗಳಿಗೆ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ಲೈನ್‌ಮನ್‌ಗಳನ್ನು ಬೈಯೋದು ಸುಲಭ, ಆದರೆ ಮತ್ತಿ ಮರ ಬಿದ್ದು ನಾಲ್ಕು ಕಂಬ ಮಲಗಿದ ಜಾಗಕ್ಕೆ ಆ ಮಳೆಯಲ್ಲಿ ಹೋಗಿ ನೋಡಿದವರು ಬೈಯಲ್ಲ.

ಅಲ್ಲಿ ನಡೆಯುತ್ತಿದ್ದದ್ದು ಇಷ್ಟೇ. ಕರೆಂಟು ಹನ್ನೆರಡು ಗಂಟೆ ಇರಲ್ಲ, ಆಮೇಲೆ ಎರಡು ಗಂಟೆ ಬರುತ್ತದೆ, ಮತ್ತೆ ಹೋಗುತ್ತದೆ. ಸೀಸದ ಬ್ಯಾಟರಿಗೆ ಪೂರ್ತಿ ತುಂಬಲು ಎಂಟು ಹತ್ತು ಗಂಟೆ ಬೇಕು. ಕೊನೆಯ ಕಾಲು ಭಾಗ ತುಂಬೋದು ತೀರಾ ನಿಧಾನ, ಎಷ್ಟು ಜೋರಾಗಿ ಕೊಟ್ಟರೂ ತಗೊಳ್ಳಲ್ಲ. ಹೀಗೆ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದು ಬಿಡಲ್ಲ. ಎಂಟು ವರ್ಷ ಬಾಳಬೇಕಾದ ಬ್ಯಾಂಕು ಎರಡು ಮಳೆಗಾಲಕ್ಕೆ ಕೈಕೊಟ್ಟಿತು. ಆಗ ನನಗೆ ಕೆಲಸ ಕೊಟ್ಟಿದ್ದ ಗುತ್ತಿಗೆ ಕಂಪನಿ ಬೇರೆ ಸೈಟಿನ ಹಳೇ ಸೆಲ್ಲು ತಂದು ಹೊಸದರ ಜೊತೆ ಸೇರಿಸಿ ಜೋಡಿಸು ಅಂತು. ಹಳತು ಹೊಸತು ಕೂಡಿಸಬಾರದು ಅಂತ ಹೇಳಿ ನೋಡಿದೆ. ಜೋಡಿಸಿದೆ. ಮೂರು ತಿಂಗಳಿಗೆ ಹೊಸತೂ ಹೋಯಿತು.

ಬ್ಯಾಟರಿ ಅಂದ ತಕ್ಷಣ ಎಲ್ಲರೂ ಕೇಳೋದು ಎಷ್ಟು ಗಂಟೆ ಬರುತ್ತೆ ಅಂತ. ನನ್ನ ಅಂಗಡಿಗೆ ಬರೋರೂ ಅದನ್ನೇ ಕೇಳೋದು. ಎಷ್ಟು ಬೇಗ ತುಂಬುತ್ತೆ, ಅರ್ಧ ತುಂಬಿ ಬಿಟ್ಟರೆ ಏನಾಗುತ್ತೆ ಅಂತ ಕೇಳಿದ ಗಿರಾಕಿ ನನಗೆ ಇನ್ನೂ ಸಿಕ್ಕಿಲ್ಲ.

ಈಗ ಕಾರ್ಗಿಲ್‌ಗೆ ಬನ್ನಿ. ಚಳಿಯಲ್ಲಿ ಸೀಸದ ಬ್ಯಾಟರಿ ಕೊಡೋದೂ ಕಮ್ಮಿ, ಮೈನಸ್ 20ರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಸಿಡ್ ಮೈನಸ್ 60ರ ಹತ್ತಿರ ಹೋದರೂ ಹೆಪ್ಪುಗಟ್ಟಲ್ಲ. ಖಾಲಿಯಾದದ್ದು ಹಾಗಲ್ಲ, ಅದರಲ್ಲಿ ಉಳಿದಿರೋದು ಹೆಚ್ಚುಕಮ್ಮಿ ನೀರೇ, ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಡಬ್ಬಿ ಒಡೆಯುತ್ತದೆ. ಅಂದರೆ ತುಂಬಲು ಆಗದೆ ಖಾಲಿ ಬಿದ್ದ ಬ್ಯಾಟರಿಗೇ ಚಳಿ ಮೊದಲು ಹಿಡಿಯೋದು.

ಲಿಥಿಯಂ ಹಾಕಿದರೆ ಸರಿಹೋಗುತ್ತೆ ಅಂತ ಈಚೆಗೆ ಟವರುಗಳಿಗೆಲ್ಲ ಲಿಥಿಯಂ ಬಂದಿದೆ, ಎಲ್‌ಎಫ್‌ಪಿ, ಅಂದರೆ ಲಿಥಿಯಂ ಕಬ್ಬಿಣ-ಫಾಸ್ಫೇಟ್ ಅನ್ನೋ ಜಾತಿ. ನಮ್ಮ ಕರಾವಳಿಗೆ ಅದು ನಿಜಕ್ಕೂ ಒಳ್ಳೆಯದು, ಅರ್ಧ ತುಂಬಿ ಬಿಟ್ಟರೂ ಕೋಪ ಮಾಡಿಕೊಳ್ಳಲ್ಲ. ತಮ್ಮನ ಸೈಟಿನಲ್ಲಿ ಇದ್ದದ್ದೂ ಅದೇ. ಆದರೆ ಅದಕ್ಕೊಂದು ಗೆರೆ ಇದೆ, ಸೊನ್ನೆ ಡಿಗ್ರಿ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಲು ಹೋದರೆ ಲಿಥಿಯಂ ಒಳಗಿನ ಗ್ರಾಫೈಟಿನ ಪದರಕ್ಕೆ ಬೇಗ ಹೊಗಲು ಆಗದೆ ಮೇಲೆಯೇ ಲೋಹವಾಗಿ ಕೂತುಬಿಡುತ್ತದೆ. ಹಾಗೆ ಕೂತದ್ದರಲ್ಲಿ ಒಂದು ಪಾಲು ವಾಪಸ್ ಬರಲ್ಲ. ಸೂಜಿ ಥರ ಬೆಳೆದು ಒಳಗೇ ಶಾರ್ಟ್ ಆದರೂ ಆಯಿತು. ಅದಕ್ಕೇ ಬ್ಯಾಟರಿಯನ್ನು ಕಾಯುವ, ಅದರೊಳಗಿನ ಬಿಎಂಎಸ್ ಅನ್ನೋ ಬೋರ್ಡು ಸೊನ್ನೆಗಿಂತ ಕೆಳಗೆ ಚಾರ್ಜಿಂಗನ್ನೇ ಕಟ್ ಮಾಡುತ್ತದೆ. ಕೊಡೋದು ಮಾತ್ರ ಕೊಡುತ್ತಾ ಹೋಗುತ್ತದೆ. ತಮ್ಮ ಹೇಳಿದ್ದು ಅಕ್ಷರಶಃ ಇದೇ.

ಪರಿಹಾರ ಅಂತ ಇದ್ದದ್ದು ಹೀಟರ್ ಪ್ಯಾಡು. ಬ್ಯಾಟರಿಯನ್ನು ಮೊದಲು ಬೆಚ್ಚಗೆ ಮಾಡಿ ಆಮೇಲೆ ಚಾರ್ಜ್ ಮಾಡೋದು. ಕೇಳಲು ಚೆಂದ. ಆದರೆ ಕರೆಂಟು ಬರೋದೇ ಎರಡು ಗಂಟೆ ಅಂತಾದರೆ ಅದರಲ್ಲಿ ಎಷ್ಟು ಹೊತ್ತು ಬರೀ ಕಾಯಿಸೋದಕ್ಕೇ ಹೋಗುತ್ತೆ ಲೆಕ್ಕ ಹಾಕಿ. ಸೋಲಾರ್ ಸೈಟಾದರೆ ಬೆಳಗಿನ ಬಿಸಿಲೆಲ್ಲ ಹೀಟರಿಗೆ. ಹೀಟರ್ ಕೆಟ್ಟರೆ? ತಮ್ಮನ ಸೈಟಿನಲ್ಲಿ ಕೆಟ್ಟದ್ದು ಅದೇ, ಬ್ಯಾಟರಿಯಲ್ಲ, ಹೀಟರು. ಜನರೇಟರ್ ಇದೆಯಲ್ಲ ಅನ್ನಬಹುದು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಜನರೇಟರ್ ಪೂರ್ತಿ ತಾಕತ್ತು ಕೊಡಲ್ಲ. ಮಾಮೂಲಿ ಡೀಸೆಲ್ ಆ ಚಳಿಗೆ ಮೇಣದ ಹಾಗಾಗುತ್ತದೆ. ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಲಡಾಖ್‌ಗೆ ಅಂತಲೇ ತಂದದ್ದು 2019ರಲ್ಲಿ.

ಇಲ್ಲಿಗೆ ಸೋಡಿಯಂ ಅಯಾನ್ ಬ್ಯಾಟರಿ ಬರುತ್ತದೆ.

ಸೋಡಿಯಂ ಅಂದ ಕೂಡಲೇ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಉಪ್ಪಿನ ಬ್ಯಾಟರಿ, ಉಪ್ಪಿನ ಬ್ಯಾಟರಿ ಅಂತ ಶುರುಮಾಡುತ್ತಾರೆ. ಸಾಣಿಕಟ್ಟಾದ ಉಪ್ಪು ತುಂಬಿದರೆ ಗೋಕರ್ಣಕ್ಕೆಲ್ಲ ಕರೆಂಟು ಅಂತ ಒಬ್ಬರು ಬರೆದಿದ್ದರು. ಅಷ್ಟು ನೇರ ಅಲ್ಲ. ಬ್ಯಾಟರಿಗೆ ಹೋಗೋದು ಹೆಚ್ಚಾಗಿ ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್. ಅದನ್ನು ಉಪ್ಪು ಮತ್ತು ಸುಣ್ಣದ ಕಲ್ಲಿನಿಂದ ಮಾಡಬಹುದು ಅನ್ನೋದು ನಿಜ. ಸೋಡಿಯಂ ಅಗ್ಗ ಅನ್ನೋದೂ ನಿಜ, ಭೂಮಿಯ ಹೊರಪದರದಲ್ಲಿ ಶೇಕಡಾ ಎರಡಕ್ಕಿಂತ ಜಾಸ್ತಿ ಸೋಡಿಯಮ್ಮೇ ಇದೆ, ಲಿಥಿಯಂ ಟನ್ನಿಗೆ 20 ಗ್ರಾಂ ಆಸುಪಾಸು. ಆದರೆ ಚಳಿಯ ಸೈಟಿಗೆ ಅಗ್ಗ ಅನ್ನೋದು ಎರಡನೇ ಮಾತು.

ಮೊದಲನೇ ಮಾತು ಅದು ಚಳಿಯಲ್ಲೂ ತಗೊಳ್ಳುತ್ತದೆ ಅನ್ನೋದು. ಸೋಡಿಯಂ ಅಯಾನು (ಅಯಾನು ಅಂದರೆ ವಿದ್ಯುತ್ ಅಂಶ ಹೊತ್ತ ಪರಮಾಣು) ಲಿಥಿಯಮ್ಮಿಗಿಂತ ದೊಡ್ಡದು, ದೊಡ್ಡದಕ್ಕೆ ಇನ್ನೂ ಕಷ್ಟ ಆಗಬೇಕಲ್ವಾ? ನನಗೂ ಹಾಗೇ ಅನಿಸಿತ್ತು. ಆಮೇಲೆ ಓದಿ ನನಗೆ ಅರ್ಥವಾದದ್ದನ್ನು ನಮ್ಮ ಮಳೆಗಾಲದ ಲೆಕ್ಕದಲ್ಲೇ ಹೇಳುತ್ತೇನೆ. ಬ್ಯಾಟರಿಯೊಳಗಿನ ದ್ರವದಲ್ಲಿ ಅಯಾನು ಬರಿಮೈಯಲ್ಲಿ ಓಡಾಡಲ್ಲ, ದ್ರವದ ಅಣುಗಳನ್ನು ಮೈಗೆ ಸುತ್ತಿಕೊಂಡಿರುತ್ತದೆ. ಮನೆಯೊಳಗೆ, ಅಂದರೆ ಎಲೆಕ್ಟ್ರೋಡಿಗೆ ಹೊಗುವ ಮೊದಲು ಅದನ್ನೆಲ್ಲ ಕಳಚಬೇಕು. ಲಿಥಿಯಂ ಸಣ್ಣ ಆಳು, ಆದರೆ ಕುತ್ತಿಗೆವರೆಗೂ ಗುಂಡಿ ಹಾಕಿದ ರೇನ್‌ಕೋಟು ತೊಟ್ಟಿದೆ. ಚಳಿಗೆ ಬೆರಳು ಮರಗಟ್ಟಿದರೆ ಗುಂಡಿ ಬಿಚ್ಚೋಕೇ ಆಗಲ್ಲ, ಜಗಲಿಯ ಮೇಲೇ ಸಾಲುಗಟ್ಟಿ ನಿಂತುಬಿಡುತ್ತದೆ. ಸೋಡಿಯಂ ದಪ್ಪ ಆಳು, ಆದರೆ ಕೈಯಲ್ಲಿರೋದು ಬರೀ ಕೊಡೆ. ಬಾಗಿಲ ಬಳಿ ಮಡಚಿಟ್ಟು ಒಳಗೆ ಬಂತು. ಒಳಗಡೆ ಗ್ರಾಫೈಟಿನ ಅಚ್ಚುಕಟ್ಟಾದ ಪದರ ಅದಕ್ಕೆ ಸಾಲಲ್ಲ, ಹಾಗಾಗಿ ಹಾರ್ಡ್ ಕಾರ್ಬನ್ ಅನ್ನೋ ಅಡ್ಡಾದಿಡ್ಡಿ ಇಂಗಾಲ ಬಳಸುತ್ತಾರೆ. ಅದರ ಸಂದುಗೊಂದು ದೊಡ್ಡದು.

ಚೀನಾದ ಸಿಎಟಿಎಲ್ ಅನ್ನೋ ಬ್ಯಾಟರಿ ಕಂಪನಿ 2021ರ ಜುಲೈನಲ್ಲಿ ತನ್ನ ಮೊದಲ ಸೋಡಿಯಂ ಸೆಲ್ ತೋರಿಸಿದಾಗ ಮೈನಸ್ 20ರಲ್ಲಿ ಶೇಕಡಾ 90 ತಾಕತ್ತು ಉಳಿಯುತ್ತೆ ಅಂದಿತ್ತು, ಕಿಲೋ ತೂಕಕ್ಕೆ 160 ವಾಟ್-ಅವರ್ ಹಿಡಿಯುತ್ತೆ ಅಂತಲೂ. 2025ರ ಏಪ್ರಿಲಿನಲ್ಲಿ ನ್ಯಾಕ್ಸ್ಟ್ರಾ ಅನ್ನೋ ಹೆಸರಲ್ಲಿ ಬಂದದ್ದು ಮೈನಸ್ 40ರಿಂದ 70 ಡಿಗ್ರಿವರೆಗೆ ನಡೆಯುತ್ತೆ, ಕಿಲೋಗೆ 175 ಅಂತ ಹೇಳಿಕೆ. ಕಂಪನಿ ಹೇಳಿದ ಲೆಕ್ಕ ಇದು, ಮದುವೆ ದಲ್ಲಾಳಿಯ ಮಾತನ್ನು ಕೇಳಿದ ಹಾಗೆ ಕೇಳಬೇಕು. ನಮ್ಮಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ವೈಜ್ಞಾನಿಕ ಸಂಶೋಧನಾ ಕೇಂದ್ರದವರು 2025ರಲ್ಲಿ ಆರು ನಿಮಿಷಕ್ಕೆ ಶೇಕಡಾ 80 ತುಂಬುವ ಸೋಡಿಯಂ ಬ್ಯಾಟರಿಯ ಬಗ್ಗೆ ಹೇಳಿದ್ದಾರೆ. ಪುಣೆಯ ಕೆಪಿಐಟಿ ಕಂಪನಿ 2023ರ ಡಿಸೆಂಬರಿನಲ್ಲಿ ತನ್ನದೊಂದು ತೋರಿಸಿತು. ಇಂಗ್ಲೆಂಡಿನ ಫ್ಯಾರಡಿಯಾನ್ ಕಂಪನಿಯನ್ನು ರಿಲಯನ್ಸ್ ಕೊಂಡು ಆಗಲೇ ಕೆಲವು ವರ್ಷ ಆಯಿತು.

ಇಷ್ಟೆಲ್ಲ ಓದಿದ ಮೇಲೆ ಸುಮ್ನೆ ಕೂರೋಕಾಗಲಿಲ್ಲ. ಆನ್‌ಲೈನಲ್ಲಿ ಟಾರ್ಚಿನ ಸೆಲ್ಲಿನಷ್ಟು ದೊಡ್ಡ ನಾಲ್ಕು ಸೋಡಿಯಂ ಸೆಲ್ ತರಿಸಿದೆ. ಅಂಗಡಿಯಲ್ಲಿದ್ದ ಅದೇ ಅಳತೆಯ ಎಲ್‌ಎಫ್‌ಪಿ ಸೆಲ್ ತಗೊಂಡೆ. ಜಿಪ್ ಕವರಿಗೆ ಹಾಕಿ ಬಂಗಡೆಯ ಪಕ್ಕ ಇಟ್ಟೆ, ತೆಳು ತಂತಿಯನ್ನು ಬಾಗಿಲ ರಬ್ಬರಿನ ಸಂದಿಯಿಂದ ಹೊರಗೆಳೆದೆ. ಫ್ರೀಜರ್ ಮೈನಸ್ 18. ರಾತ್ರಿಯಿಡೀ ತಣಿಯಲು ಬಿಟ್ಟು ಬೆಳಗ್ಗೆ ಟೆಸ್ಟರ್ ಜೋಡಿಸಿದೆ.

ಆಯಿ ಚಾ ಮಾಡಲು ಎದ್ದು ಬಂದವಳು ತಂತಿ ನೋಡಿದಳು. "ಮೀನಿಗೂ ಕರೆಂಟು ಕೊಡ್ತೀಯೇನೋ?" ಅಂದಳು. ಉತ್ತರ ಹೇಳಿದೆ. ಅವಳಿಗೆ ಬೇಕಾಗಿದ್ದದ್ದು ಉತ್ತರ ಅಲ್ಲ.

ಎಲ್‌ಎಫ್‌ಪಿ ಶುರುವಿನಲ್ಲೇ ವೋಲ್ಟೇಜ್ ಕುಸಿಯಿತು, ಅರ್ಧ ದಾಟಿ ಸ್ವಲ್ಪ ಮುಂದೆ ಹೋಗಿ ಕಟ್ ಆಯಿತು. ಸೋಡಿಯಂ ಹತ್ತರಲ್ಲಿ ಒಂಬತ್ತು ಪಾಲಿನ ಹತ್ತಿರ ಕೊಟ್ಟಿತು. ಆಮೇಲೆ ಅದೇ ಫ್ರೀಜರಿನಲ್ಲಿಟ್ಟೇ ಸೋಡಿಯಮ್ಮನ್ನು ನಿಧಾನಕ್ಕೆ ಚಾರ್ಜ್ ಮಾಡಿದೆ, ತಗೊಂಡಿತು. ಎಲ್‌ಎಫ್‌ಪಿಯನ್ನು ಹಾಗೆ ಮಾಡಲಿಲ್ಲ, ನೀವೂ ಮಾಡಬೇಡಿ. ಇದನ್ನು ದೊಡ್ಡ ಸಂಶೋಧನೆ ಅಂತ ತಿಳಿಯಬೇಡಿ. ಸಣ್ಣ ಸೆಲ್ಲು, ಮನೆಯ ಫ್ರೀಜರು, ಆಯಿ ನಡುವೆ ಎರಡು ಸಲ ಬಾಗಿಲು ತೆಗೆದಿದ್ದಾಳೆ. ಇನ್ನೊಂದು, ಸೋಡಿಯಮ್ಮಿಗೆ ಲೋಹ ಕೂರುವ ಭಯ ಇಲ್ಲವೇ ಇಲ್ಲ ಅಂತಲ್ಲ. ತೀರಾ ಚಳಿಯಲ್ಲಿ ಜೋರಾಗಿ ತುಂಬಿದರೆ ಅದೂ ಹಾರ್ಡ್ ಕಾರ್ಬನ್ನಿನ ಮೇಲೆ ಕೂರುತ್ತದೆ. ನಿಧಾನ ಅನ್ನೋದು ಮುಖ್ಯ.

ಆದರೆ ಟೆಸ್ಟರಿನಲ್ಲಿ ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ವೋಲ್ಟೇಜು. ಎಲ್‌ಎಫ್‌ಪಿ 3.2ರ ಆಸುಪಾಸಿನಲ್ಲಿ ಕೊನೆವರೆಗೂ ಗಟ್ಟಿ ನಿಲ್ಲುತ್ತದೆ. ಸೋಡಿಯಂ ತುಂಬಿದಾಗ 4ರ ಹತ್ತಿರ, ಖಾಲಿಯಾದಾಗ 2, ಕೆಲವು 1.5ರವರೆಗೂ. ದೇವಿಮನೆ ಘಟ್ಟ ಇಳಿದ ಹಾಗೆ. ಟವರಿನ ಉಪಕರಣ ಸುಮಾರು 40ರಿಂದ 57 ವೋಲ್ಟಿನೊಳಗೆ ಇದ್ದರೆ ಮಾತ್ರ ಸುಮ್ಮನಿರುತ್ತದೆ. 15 ಸೆಲ್ ಜೋಡಿಸಿ ಅಂತ ಇಟ್ಟುಕೊಳ್ಳಿ. ಮೇಲೆ 57 ದಾಟಬಾರದು ಅಂದರೆ ಸೆಲ್ಲಿಗೆ 3.8, ಅಂದರೆ ಪೂರ್ತಿ ತುಂಬೋ ಹಾಗಿಲ್ಲ. ಕೆಳಗೆ 40 ಅಂದರೆ ಸೆಲ್ಲಿಗೆ 2.67, ಅದರ ಕೆಳಗಿನದ್ದೆಲ್ಲ ಒಳಗೇ ಉಳಿಯಿತು. ಮೇಲೂ ಕಮ್ಮಿ, ಕೆಳಗೂ ಕಮ್ಮಿ. ಪೂರ್ತಿ ಬೇಕಂದರೆ ನಡುವೆ ವೋಲ್ಟೇಜನ್ನು ಏರಿಸಿ ಇಳಿಸಿ ಸರಿಮಾಡುವ ಡಿಸಿ-ಡಿಸಿ ಕನ್ವರ್ಟರ್ ಹಾಕಬೇಕು. ಹಾಕಿದರೆ ಹಿಮದಲ್ಲಿ ಕೆಡಲು ಇನ್ನೊಂದು ಪೆಟ್ಟಿಗೆ ಆಯಿತು. ಹೀಟರ್ ತಪ್ಪಿಸಲು ಹೋಗಿ ಕನ್ವರ್ಟರ್ ತಗಲಿಹಾಕಿಕೊಂಡ ಹಾಗೆ. ಬ್ರೋಷರಿನಲ್ಲಿ ಇದನ್ನು ಎಲ್ಲಾದರೂ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ನನ್ನ ಲೆಕ್ಕದಲ್ಲಿ ಮೊದಲು ನೋಡಬೇಕಾದ್ದೇ ಅದು. ಕಬ್ಬಿಣ-ಫಾಸ್ಫೇಟ್ ಥರದ ಸೋಡಿಯಂ ಸೆಲ್ಲುಗಳೂ ಇವೆ. ಅವುಗಳ ಇಳಿಜಾರು ಅಷ್ಟು ಕಡಿದಲ್ಲ, ಬಾಳಿಕೆಯೂ ಜಾಸ್ತಿ, ಕಿಲೋ ಲೆಕ್ಕದಲ್ಲಿ ಮಾತ್ರ ಕಮ್ಮಿ ಹಿಡಿಯುತ್ತವೆ. ನೆಲದ ಮೇಲೆ ಕೂರುವ ಟವರ್ ಬ್ಯಾಟರಿಗೆ ತೂಕ ಯಾರಿಗೆ ಬೇಕು? ಸೀಸಕ್ಕಿಂತ ಹೇಗೂ ಎಷ್ಟೋ ಹಗುರ.

ಆ ಇಳಿಜಾರಿನಿಂದ ಒಂದು ಲಾಭವೂ ಇದೆ, ಟೆಕ್ನಿಷಿಯನ್ನಿಗೆ ಮಾತ್ರ ತಿಳಿಯುವಂಥದ್ದು. ಎಲ್‌ಎಫ್‌ಪಿಯಲ್ಲಿ ಎಷ್ಟು ಉಳಿದಿದೆ ಅಂತ ಮೀಟರ್ ಹಿಡಿದು ಹೇಳಲು ಆಗಲ್ಲ, ಮುಕ್ಕಾಲಿದ್ದರೂ ಅದೇ ವೋಲ್ಟು, ಕಾಲಿದ್ದರೂ ಅದೇ ವೋಲ್ಟು. ಸೋಡಿಯಮ್ಮಿಗೆ ಮೀಟರ್ ಇಟ್ಟರೆ ಹೊಟ್ಟೆ ಎಷ್ಟು ತುಂಬಿದೆ ಅಂತ ಅದೇ ಹೇಳುತ್ತದೆ.

ಇನ್ನೊಂದು ಗುಣ ಲಡಾಖ್‌ಗೆ ಹೇಳಿ ಮಾಡಿಸಿದ್ದು. ಲಿಥಿಯಂ ಸೆಲ್ಲನ್ನು ಸೊನ್ನೆ ವೋಲ್ಟಿಗೆ ಇಳಿಸಿದರೆ ಒಳಗಿನ ತಾಮ್ರದ ಹಾಳೆ ಕರಗಿ ಸೆಲ್ಲು ಹಾಳು. ಸೋಡಿಯಂ ಸೆಲ್ಲಿನಲ್ಲಿ ಎರಡೂ ಕಡೆ ಅಲ್ಯೂಮಿನಿಯಮ್ಮೇ, ತಾಮ್ರವೇ ಇಲ್ಲ. ಪೂರ್ತಿ ಖಾಲಿ ಮಾಡಿ ಲಾರಿಗೆ ಹೇರಬಹುದು, ದಾರಿಯಲ್ಲಿ ಬೆಂಕಿಯ ಭಯ ಕಮ್ಮಿ, ಗೋಡೌನಿನಲ್ಲಿ ತಿಂಗಳುಗಟ್ಟಲೆ ಹಾಗೇ ಇಡಬಹುದು. ಲಡಾಖ್‌ಗೆ ಹೋಗುವ ಜೋಜಿಲಾ ಘಾಟಿಯ ದಾರಿ ಹಿಮಕ್ಕೆ ಮುಚ್ಚುವ ಮೊದಲು ಚಳಿಗಾಲದ ಸಾಮಾನೆಲ್ಲ ಒಯ್ದು ಇಟ್ಟುಕೊಳ್ಳುವ ಕಡೆ ಇದು ಸಣ್ಣ ಮಾತಲ್ಲ. ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಮೊದಲೇ ಹಪ್ಪಳ, ಒಣಮೀನು ಕೂಡಿಡುವ ಹಾಗೆ ಅಲ್ಲಿ ಬ್ಯಾಟರಿಯನ್ನೂ ಕೂಡಿಡಬೇಕು.

ತಾಮ್ರ ಇಲ್ಲ, ಸೀಸ ಇಲ್ಲ ಅಂದರೆ ಗುಜರಿಗೆ ಹಾಕಿದರೂ ದುಡ್ಡು ಹುಟ್ಟಲ್ಲ. ಸೀಸದ ಸೆಲ್ಲು ಕದ್ದು ಮಾರುವವರ ಕಾಟ ಟವರಿನವರಿಗೆ ಗೊತ್ತು, ಒಂದು ಸಲ ನಾನು ಬೆಳಗ್ಗೆ ಹೋಗಿ ನೋಡಿದರೆ ಶೆಲ್ಟರಿನಲ್ಲಿ ಬರೀ ಸ್ಟ್ಯಾಂಡ್ ಇತ್ತು. ಕಳ್ಳನಿಗೆ ಬೇಡ ಅನ್ನೋದು ಒಳ್ಳೇದೇ. ಆದರೆ ಕಳ್ಳನಿಗೆ ಬೇಡವಾದದ್ದು ರೀಸೈಕಲ್ ಮಾಡುವವನಿಗೂ ಬೇಡವಾಗುತ್ತೆ, ನಾಳೆ ಇದನ್ನೆಲ್ಲ ಎಲ್ಲಿ ಬಿಸಾಕೋದು?

ದುಡ್ಡಿನ ವಿಷಯಕ್ಕೆ ಬಂದರೆ ಸೋಡಿಯಂ ಹಣೆಬರಹ 2024-25ರಲ್ಲಿ ಅಷ್ಟು ಚೆನ್ನಾಗಿರಲಿಲ್ಲ. 2022ರ ಕೊನೆಯಲ್ಲಿ ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಆರು ಲಕ್ಷ ಯುವಾನ್ ಹತ್ತಿರ ಹೋದಾಗ ಎಲ್ಲರೂ ಸೋಡಿಯಂ ಅಂತ ಓಡಿದರು. 2024ರ ಹೊತ್ತಿಗೆ ಅದು ಒಂದು ಲಕ್ಷಕ್ಕಿಂತ ಕೆಳಗೆ ಬಿತ್ತು. ಅಗ್ಗ ಅನ್ನೋದೊಂದನ್ನೇ ನಂಬಿದವರಿಗೆ ಕಾಲಡಿಯ ಮಣ್ಣು ಜಾರಿತು. ಅಮೆರಿಕದ ನ್ಯಾಟ್ರಾನ್ ಅನ್ನೋ ಸೋಡಿಯಂ ಬ್ಯಾಟರಿ ಕಂಪನಿ 2025ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. ಚಳಿ ಜಾಗಗಳಿಗೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಬ್ಯಾಟರಿಯ ಬೆಲೆಗಿಂತ ಹೀಟರು, ಡೀಸೆಲು, ಹಿಮದಲ್ಲಿ ಒಬ್ಬ ಮನುಷ್ಯ ಮೂರು ದಿನ ಓಡಾಡಿದ್ದರ ಬೆಲೆ ಜಾಸ್ತಿ.

ನಮ್ಮ ಕರಾವಳಿಗೆ ಬೇಕಾ ಅಂತ ಕೇಳಿದರೆ, ಈಗಲೇ ಬೇಡ ಅಂತೀನಿ. ಇಲ್ಲಿ ಚಳಿಯೇ ಇಲ್ಲ, ಎಲ್‌ಎಫ್‌ಪಿ ಸಾಕು. ಸೆಕೆಗೆ ಸೀಸದ ಬ್ಯಾಟರಿಯ ಆಯುಷ್ಯ ಅರ್ಧ ಆಗುತ್ತೆ, ಹಾಗಾಗಿ ಸೀಸ ತೆಗೆಯಿರಿ ಅಂತ ಮಾತ್ರ ಹೇಳುತ್ತೇನೆ.

ಮೊನ್ನೆ ತಮ್ಮ ಮತ್ತೆ ಫೋನ್ ಮಾಡಿದ್ದ. ಅವರ ಕಂಪನಿಗೆ ಯಾರೋ ಸೋಡಿಯಂ ಪ್ಯಾಕ್ ತೋರಿಸಲು ಬರುತ್ತಾರಂತೆ, ಒಪ್ಪಿಗೆಯಾದರೆ ದಾರಿ ಮುಚ್ಚುವ ಮೊದಲು ಒಂದು ಸೈಟಿಗೆ ಹಾಕಿ ನೋಡುತ್ತಾರಂತೆ. ಏನು ಕೇಳಲಿ ಅಣ್ಣಾ ಅಂದ. ಮೈನಸ್ 20ರಲ್ಲಿ ಎಷ್ಟು ಕೊಡುತ್ತೆ ಅಂತ ಕೇಳಬೇಡ, ಎಷ್ಟು ಆಂಪಿಯರಿನಲ್ಲಿ ತಗೊಳ್ಳುತ್ತೆ ಅಂತ ಕೇಳು, ಬರೆದು ಕೊಡಲು ಹೇಳು ಅಂದೆ. 40ರಿಂದ 57 ವೋಲ್ಟಿನೊಳಗೆ ನಿಜಕ್ಕೂ ಎಷ್ಟು ಆಂಪಿಯರ್-ಅವರ್ ಸಿಗುತ್ತೆ, ಒಳಗೆ ಕನ್ವರ್ಟರ್ ಇದ್ದರೆ ಅದು ಎಷ್ಟು ಡಿಗ್ರಿವರೆಗೆ ಬದುಕುತ್ತೆ ಅಂತಲೂ ಕೇಳು ಅಂದೆ. ಅವನು ಕೈಮೇಲೆ ಬರೆದುಕೊಂಡ. ಅಲ್ಲಿ ಈಗ ಬೇಸಿಗೆ, ಕೈಗವಸು ಇರಲಿಲ್ಲ.

ಸೆಲ್ಲು ಇನ್ನೂ ಫ್ರೀಜರಿನಲ್ಲೇ ಇವೆ, ದಿನಕ್ಕೊಂದು ಸಲ ತುಂಬಿ ಖಾಲಿ ಮಾಡ್ತಾ ಇದ್ದೇನೆ. ಆಗಸ್ಟ್ 1ಕ್ಕೆ ಬೋಟು ಹೊರಡುತ್ತೆ, ಹೊಸ ಮೀನು ಬಂದ ದಿನ ಜಾಗ ಖಾಲಿ ಮಾಡಬೇಕು ಅಂತ ಆಯಿ ಹೇಳಿಯಾಗಿದೆ.